ಮನಃಶಾಸ್ತ್ರ: ರೆಕಾರ್ಡ್ ನಕಲು ಬೇಡ, ಪ್ರಯೋಗ ನಡೆಯಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಪ್ರವೇಶ ನಡೆಯುತ್ತಿರುವ ಈ ದಿನಗಳಲ್ಲಿ ಕಲಬುರಗಿಯ ಯಾವ ಕಾಲೇಜಿನ ಕಚೇರಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ. ಬಿ.ಎ. ಸೇರಲು ಬಂದ ಹುಡುಗಿ ಅರ್ಜಿಯಲ್ಲಿ ಮನಃಶಾಸ್ತ್ರ ಎಂದು ಬರೆದ ಕೂಡಲೇ, ಜೊತೆಗೆ ಬಂದ ಅಪ್ಪನೋ ಕಾಕಾನೋ 'ಅದು ಓದಿ ಏನ್ ಮಾಡ್ತಿ?' ಎಂದು ಕೇಳುತ್ತಾರೆ. ಮೂರು ವರ್ಷಗಳ ಹಿಂದೆ ನನ್ನ ಅಪ್ಪನೂ ಅದನ್ನೇ ಕೇಳಿದ್ದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಐಚ್ಛಿಕ ಕನ್ನಡದ ಜೊತೆಗೆ ಇನ್ನೊಂದು ವಿಷಯ ಬೇಕಿತ್ತು, ಮನಃಶಾಸ್ತ್ರದಲ್ಲಿ ಜಾಗವಿತ್ತು, ಸೇರಿದೆ. ಇದೇ ವರ್ಷ ಪದವಿ ಮುಗಿಸಿರುವ ನನಗೆ ಈಗ ಉತ್ತರ ಸಿಕ್ಕಿದೆ. ಆದರೆ ಆ ಉತ್ತರ ನನಗೆ ದೊರೆತದ್ದು ಮೊದಲ ವರ್ಷದ ಪಠ್ಯದಿಂದಲ್ಲ, ಆ ಪಠ್ಯದೊಂದಿಗೆ ನಡೆಯಬೇಕಾದ ಪ್ರಯೋಗಗಳಿಂದ. ಆ ಪ್ರಯೋಗಗಳು ನಮ್ಮ ಕಡೆ ಬಹುಪಾಲು ಕಾಗದದ ಮೇಲೆ ಮಾತ್ರ ನಡೆಯುತ್ತಿವೆ ಎಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಮನಃಶಾಸ್ತ್ರ ಓದುವವರು ಎದುರಿನವರ ಮನಸ್ಸನ್ನು ಓದಬಲ್ಲರು ಎಂಬ ನಂಬಿಕೆ ನಮ್ಮೂರಿನಲ್ಲಿ ಗಟ್ಟಿಯಾಗಿದೆ. ಶಹಾಬಾದಿನಿಂದ ಕಲಬುರಗಿಗೆ ಬರುವ ರೈಲಿನಲ್ಲಿ ಪರಿಚಯದ ಹಿರಿಯರು 'ನನ್ನ ಮನಸ್ಸಿನಾಗ ಏನದ, ಹೇಳು' ಎಂದು ಎಷ್ಟೋ ಸಲ ಕೇಳಿದ್ದಾರೆ. ಮೊದಮೊದಲು ಉತ್ತರಿಸಲಾಗದೆ ಸುಮ್ಮನಿರುತ್ತಿದ್ದೆ. ಮೊದಲ ವರ್ಷದ ಈ ಪರಿಚಯಾತ್ಮಕ ಪಠ್ಯಪತ್ರಿಕೆ ಕಲಿಸುವುದು ಬೇರೆಯವರ ಮನಸ್ಸನ್ನು ಓದುವುದನ್ನಲ್ಲ, ನಮ್ಮ ಕಣ್ಣು, ನಮ್ಮ ನೆನಪು, ನಮ್ಮ ತೀರ್ಮಾನ ಎಲ್ಲಿ ಎಷ್ಟು ತಪ್ಪುತ್ತವೆ ಎಂದು ಅಳೆದು ನೋಡುವುದನ್ನು ಎಂದು ಹೇಳಲು ನನಗೆ ಒಂದು ವರ್ಷವೇ ಬೇಕಾಯಿತು.

ಪಠ್ಯದ ಮೊದಲ ಘಟಕದಲ್ಲೇ 1879 ಎಂಬ ಇಸವಿ ಬರುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನಃಶಾಸ್ತ್ರಕ್ಕೆಂದೇ ಪ್ರಯೋಗಾಲಯ ತೆರೆದ ವರ್ಷ ಅದು. ಎರಡು ಅಂಕದ ಪ್ರಶ್ನೆಯಾಗಿ ಅದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಒಂದು ಕೋಣೆಯನ್ನು ತೆರೆದದ್ದು ಒಂದು ಶಾಸ್ತ್ರದ ಹುಟ್ಟು ಎನಿಸಿಕೊಂಡದ್ದು ಏಕೆ ಎಂದು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅಲ್ಲಿಯವರೆಗೆ ತತ್ತ್ವಜ್ಞಾನಿಗಳು ಮನಸ್ಸಿನ ಬಗ್ಗೆ ವಾದಿಸುತ್ತಿದ್ದರು. ಆ ಕೋಣೆಯಲ್ಲಿ ಸದ್ದು ಕೇಳಿದ ಕ್ಷಣಕ್ಕೂ ಕೈಬೆರಳು ಗುಂಡಿ ಒತ್ತಿದ ಕ್ಷಣಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ಅಳೆಯತೊಡಗಿದರು. ಅಳತೆಯಿಂದ ಹುಟ್ಟಿದ ಶಾಸ್ತ್ರವಿದು. ಕನ್ನಡ ನಾಡಿಗೂ ಇದು ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. ಫ್ರಾನ್ಸಿನಲ್ಲಿ 1905ರಲ್ಲಿ ಬಿನೇ ಮತ್ತು ಸಿಮೋನ್ ರೂಪಿಸಿದ ಬುದ್ಧಿಶಕ್ತಿಯ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಈ ಶಾಸ್ತ್ರವನ್ನು ಕನ್ನಡದಲ್ಲಿ ಪ್ರಯೋಗಕ್ಕಿಳಿಸಲು ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ನಮ್ಮ ಅಜ್ಜಂದಿರ ಕಾಲದಲ್ಲೇ ಸಿಕ್ಕಿಯಾಗಿದೆ.

ಹೀಗಿದ್ದೂ ನನ್ನ ಮೊದಲ ಸೆಮಿಸ್ಟರಿನಲ್ಲಿ ನಡೆದದ್ದು ಇದು. ನಾನು ಓದಿದ ಕಾಲೇಜಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬೇರೆ ಬೇರೆ ಕಾಲೇಜುಗಳಲ್ಲಿ ಓದಿದ ಗೆಳತಿಯರನ್ನು ವಿಚಾರಿಸಿದಾಗ ಅವರ ಅನುಭವವೂ ಹೆಚ್ಚು ಬೇರೆಯಾಗಿರಲಿಲ್ಲ. ಪ್ರಯೋಗದ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು, ಅದರಲ್ಲಿ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬಿಡಿಸುವ ಸಲಕರಣೆ, ಗೆರೆಗಳ ಫಲಕ, ನಿಲುಗಡಿಯಾರ ಎಲ್ಲವೂ ಇದ್ದವು ಎಂದು ದಾಸ್ತಾನು ಪಟ್ಟಿ ಹೇಳುತ್ತಿತ್ತು. ಬೀಗದ ಕೈ ಯಾರ ಬಳಿ ಇದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅತಿಥಿ ಉಪನ್ಯಾಸಕರ ನೇಮಕ ತಡವಾದ್ದರಿಂದ ಸೆಮಿಸ್ಟರಿನ ಮೊದಲ ಹಲವು ವಾರ ವಿಷಯಕ್ಕೆ ಅಧ್ಯಾಪಕರೇ ಇರಲಿಲ್ಲ. ಬಂದ ಮೇಲೆ ಪಾಠ ಮುಗಿಸುವ ಅವಸರ. ಪ್ರಯೋಗದ ಅವಧಿ ಮಧ್ಯಾಹ್ನದ ಕೊನೆಗೆ ಇರುತ್ತಿತ್ತು. ಮನಃಶಾಸ್ತ್ರದ ತರಗತಿಯಲ್ಲಿ ಇದ್ದವರು ಬಹುಪಾಲು ಹುಡುಗಿಯರು; 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೇವರ್ಗಿ, ಚಿತ್ತಾಪುರ, ಆಳಂದ ಕಡೆಯ ಹಳ್ಳಿಗಳಿಂದ ದಿನಾಲೂ ಬಸ್ಸಿನಲ್ಲಿ ಬಂದು ಹೋಗಿ ಓದುವುದು ಅವರಲ್ಲಿ ಅನೇಕರಿಗೆ ಸಾಧ್ಯವಾಗಿತ್ತು, ಆದರೆ ಕತ್ತಲಾಗುವ ಮುನ್ನ ಊರು ಸೇರಬೇಕಾಗಿತ್ತು. ಕೊನೆಗೆ ಆದದ್ದೇನೆಂದರೆ, ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ, ಚರ್ಚೆ ಎಂದು ಐದು ತಲೆಬರಹ ಹಾಕಿಸಿ ಉಕ್ತಲೇಖನ ಬರೆಸಿದರು. ಅಂಕಿಗಳನ್ನು ಹಿಂದಿನ ವರ್ಷದ ಅಕ್ಕಂದಿರ ರೆಕಾರ್ಡ್ ಪುಸ್ತಕದಿಂದ ಇಳಿಸಿಕೊಂಡೆವು. ತರಗತಿಯಲ್ಲಿ ಇದ್ದವರೆಲ್ಲರ ಕಣ್ಣೂ ಮಿಲಿಮೀಟರಿನ ಲೆಕ್ಕಕ್ಕೆ ಒಂದೇ ಪ್ರಮಾಣದಲ್ಲಿ ತಪ್ಪಿತ್ತು! ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿರುತ್ತದೆ ಎಂಬುದನ್ನು ಕಲಿಸುವ ಶಾಸ್ತ್ರದ ದಾಖಲೆ ಪುಸ್ತಕದಲ್ಲಿ ಹೀಗೆ ಬರೆಯುವಾಗ ನಮ್ಮಲ್ಲಿ ಯಾರಿಗೂ ಅದು ಸುಳ್ಳು ಎನ್ನಿಸಲಿಲ್ಲ. ಇಂದು ನೆನೆದರೆ ನನ್ನನ್ನು ಹೆಚ್ಚು ನೋಯಿಸುವುದು ಅದೇ.

ಎರಡನೆಯ ಸೆಮಿಸ್ಟರಿಗೆ ಬಂದ ಮೇಡಂ ಕಪಾಟಿನ ಬೀಗಕ್ಕೆ ಕಾಯಲಿಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳನ್ನು ತನ್ನಿ ಎಂದರು. ಅದರ ದಪ್ಪ ಕಾಗದ ಕತ್ತರಿಸಿ, ಒಂದರೊಳಗೆ ಇನ್ನೊಂದು ಜಾರುವಂತೆ ಮಾಡಿ, ಒಂದರ ಮೇಲೆ ಎರಡೂ ತುದಿಗಳಲ್ಲಿ ಬಾಣದ ಮೊನೆಯಿರುವ ಗೆರೆ, ಇನ್ನೊಂದರ ಮೇಲೆ ತುದಿಗಳು ಹೊರಕ್ಕೆ ಕವಲೊಡೆದ ಗೆರೆ ಬರೆಸಿದರು. ಫ್ರಾಂಜ್ ಮುಲ್ಲರ್-ಲಾಯರ್ 1889ರಲ್ಲಿ ತೋರಿಸಿದ ದೃಷ್ಟಿಭ್ರಮೆ ಇದು: ಎರಡೂ ಗೆರೆ ಸಮವಾಗಿದ್ದರೂ ಕವಲೊಡೆದದ್ದು ಉದ್ದವಾಗಿ ಕಾಣುತ್ತದೆ. ಪಟ್ಟಿಯನ್ನು ಜಾರಿಸುತ್ತ, ಎರಡೂ ಸಮವಾದವು ಎನ್ನಿಸಿದಾಗ ನಿಲ್ಲಿಸಿ, ಹಿಂಬದಿಯಲ್ಲಿ ಅಳತೆ ಪಟ್ಟಿ ಇಟ್ಟು ತಪ್ಪನ್ನು ಬರೆದುಕೊಳ್ಳಬೇಕು. ಹತ್ತು ಸಲ ಹೊರಗಿನಿಂದ ಒಳಕ್ಕೆ, ಹತ್ತು ಸಲ ಒಳಗಿನಿಂದ ಹೊರಕ್ಕೆ. ಇಪ್ಪತ್ತರಲ್ಲಿ ಒಂದು ಸಲವೂ ನಾನು ಸಮ ಮಾಡಲಿಲ್ಲ. ತಪ್ಪು ಎಲ್ಲಿದೆಯೆಂದು ಮೊದಲೇ ಗೊತ್ತಿತ್ತು, ಅಳೆದು ಕಣ್ಣಾರೆ ನೋಡಿಯೂ ಆಗಿತ್ತು. ಆದರೂ ಮುಂದಿನ ಸಲ ಕಣ್ಣು ಮತ್ತೆ ಅಲ್ಲೇ ಎಡವಿತು. ಸತ್ಯ ತಿಳಿದ ಮಾತ್ರಕ್ಕೆ ಕಾಣುವುದು ಸರಿಹೋಗುವುದಿಲ್ಲ ಎಂಬ ಮಾತನ್ನು ಯಾವ ಉಕ್ತಲೇಖನದಿಂದಲೂ ನಾನು ಅಷ್ಟು ಆಳವಾಗಿ ಕಲಿಯುತ್ತಿರಲಿಲ್ಲ.

ಅದಾದ ಮುಂದಿನ ವಾರದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಭಾಗದ ಕಾಲೇಜುಗಳಲ್ಲಿ ಆಗುವಷ್ಟು ಚೆನ್ನಾಗಿ ಬೇರೆ ಕಡೆ ಆಗುವುದು ಕಷ್ಟ ಎಂದು ನನ್ನ ನಂಬಿಕೆ. ಅಮೆರಿಕದ ಜಾನ್ ರಿಡ್ಲೆ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವದು. ಬಣ್ಣದ ಹೆಸರನ್ನು ಬೇರೊಂದು ಬಣ್ಣದ ಶಾಯಿಯಲ್ಲಿ ಬರೆದು, ಪದವನ್ನು ಓದದೆ ಶಾಯಿಯ ಬಣ್ಣವನ್ನು ಮಾತ್ರ ಹೇಳಬೇಕು. 'ಕೆಂಪು' ಎಂದು ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರೆ 'ಹಸಿರು' ಎನ್ನಬೇಕು. ಮೇಡಂ ಕನ್ನಡದಲ್ಲಿ ಇಂತಹ ನಲವತ್ತು ಪದಗಳ ಹಾಳೆ ಮಾಡಿ, ಮೊಬೈಲಿನ ಗಡಿಯಾರದಲ್ಲಿ ಒಬ್ಬೊಬ್ಬರ ಹೊತ್ತು ಅಳೆದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾವು ಸಾಲು ಸಾಲಿಗೆ ತಡವರಿಸಿದೆವು. ಬರಿಯ ಬಣ್ಣದ ಚೌಕಗಳನ್ನು ಹೇಳುವುದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಕನ್ನಡವನ್ನು ನಿಧಾನವಾಗಿ ಓದುತ್ತಿದ್ದ ಇಬ್ಬರು ಗೆಳತಿಯರು ನಮಗಿಂತ ಎಷ್ಟೋ ಸಲೀಸಾಗಿ ಮುಗಿಸಿದರು. ಆಗ ಮೇಡಂ ಅವರಲ್ಲೊಬ್ಬಳಿಂದ ಲಾಲ್, ಹರಾ, ನೀಲಾ, ಪೀಲಾ ಎಂಬ ಪದಗಳನ್ನು ಉರ್ದು ಲಿಪಿಯಲ್ಲಿ ಹಾಗೆಯೇ ಬಣ್ಣ ತಪ್ಪಿಸಿ ಬರೆಸಿದರು. ಈಗ ಅವರು ತಡವರಿಸಿದರು, ಆ ಲಿಪಿ ಬಾರದ ನಾವು ಒಂದೂ ತಪ್ಪಿಲ್ಲದೆ ಹೇಳಿದೆವು. ವರ್ಷಗಟ್ಟಲೆ ಓದಿ ಓದಿ ಅಭ್ಯಾಸವಾದ ಲಿಪಿ ಕಣ್ಣಿಗೆ ಬಿದ್ದರೆ ಓದದೆ ಇರುವುದು ನಮ್ಮ ಕೈಯಲ್ಲಿಲ್ಲ. ಕಲಿತದ್ದೇ ಇಲ್ಲಿ ಅಡ್ಡ ಬರುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗು ಬಲ್ಲವರು ಒಂದೇ ಬೆಂಚಿನಲ್ಲಿ ಕೂರುವ ಕಲಬುರಗಿ, ಬೀದರ್, ಯಾದಗಿರಿಯ ತರಗತಿಗಳು ಇಂತಹ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿವೆ. ಇದಕ್ಕೆ ಆದ ಖರ್ಚು ನಾಲ್ಕು ಸ್ಕೆಚ್ ಪೆನ್ನು ಮತ್ತು ಹತ್ತು ಹಾಳೆ.

ನೆನಪಿನ ಪ್ರಯೋಗದಲ್ಲಿ ಇದೇ ಬಹುಭಾಷೆ ತೊಡಕಾಗಿಯೂ ಬಂತು. ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ, ಕಲಿತದ್ದು ಹೊತ್ತು ಕಳೆದಂತೆ ಎಷ್ಟು ಮರೆತುಹೋಗುತ್ತದೆ ಎಂದು ತೋರಿಸುವ ಮರೆವಿನ ರೇಖೆಯನ್ನು ಪ್ರಕಟಿಸುವ ಮುನ್ನ, ಅರ್ಥವಿಲ್ಲದ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗುಂಪುಗಳನ್ನು ಮಾಡಿಕೊಂಡು ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ತಾವೇ ಅಳೆದರು. ಅರ್ಥವಿದ್ದರೆ ಹಳೆಯ ನೆನಪು ಸಹಾಯಕ್ಕೆ ಬರುತ್ತದೆ ಎಂಬ ಕಾರಣಕ್ಕೆ ಅರ್ಥವಿಲ್ಲದ್ದೇ ಬೇಕಿತ್ತು. ನಾವೂ ಎರಡಕ್ಷರದ ಗುಂಪುಗಳನ್ನು ಮಾಡಲು ಕುಳಿತೆವು. 'ಚೇಪ' ಎಂದು ಬರೆದರೆ ಗಡಿಯಾಚೆ ಅಜ್ಜಿಯ ಮನೆಯಿರುವವಳು ಅದು ತೆಲುಗಿನಲ್ಲಿ ಮೀನು ಎಂದಳು. 'ಘೂಸ' ಎಂದು ಬರೆದರೆ ಇನ್ನೊಬ್ಬಳು ಅದು ಮರಾಠಿಯಲ್ಲಿ ಹೆಗ್ಗಣ ಎಂದಳು. ಹನ್ನೆರಡು ಅರ್ಥಹೀನ ಗುಂಪು ಹುಡುಕಲು ಒಂದು ಅವಧಿ ಪೂರ್ತಿ ಹೋಯಿತು, ಅದು ವ್ಯರ್ಥವಾಗಲಿಲ್ಲ. ಪ್ರಯೋಗವನ್ನು ಕಟ್ಟುವುದು ಎಂದರೇನು ಎಂದು ಅಂದು ತಿಳಿಯಿತು. ಎಬಿಂಗ್‌ಹೌಸ್ ಕಂಡದ್ದನ್ನೇ ನಾವೂ ಸ್ಥೂಲವಾಗಿ ಕಂಡೆವು: ಮರೆವು ಮೊದಲ ಗಂಟೆಯಲ್ಲಿ ಬಹಳ ವೇಗವಾಗಿ, ಆಮೇಲೆ ಬಹಳ ನಿಧಾನವಾಗಿ ನಡೆಯುತ್ತದೆ.

ಇದರ ಬೆನ್ನಿಗೇ ಮೇಡಂ, ಪಠ್ಯದಲ್ಲಿಲ್ಲದ ಇನ್ನೊಂದು ಅಧ್ಯಯನ ಹೇಳಿದರು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಕೆಲವರು ಹಾಳೆ ಮುಚ್ಚಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು, ಶೇಕಡಾ 81ಕ್ಕೆ 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಮತ್ತೆ ಓದಿದವರಿಗೆ ಶೇಕಡಾ 42 ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ ಶೇಕಡಾ 56. ಹಾಸ್ಟೆಲಿನ ಮೆಟ್ಟಿಲ ಮೇಲೆ, ರೈಲಿನಲ್ಲಿ, ಮಾಳಿಗೆಯ ಮೇಲೆ ಗೈಡ್ ಹಿಡಿದು ಒಂದೇ ಪುಟವನ್ನು ಹತ್ತು ಸಲ ಗಟ್ಟಿಯಾಗಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ಉಪಯುಕ್ತವಾದ ಅಂಕಿ ಇನ್ನೊಂದಿಲ್ಲ. ಮತ್ತೆ ಓದುವಾಗ ಎಲ್ಲವೂ ಪರಿಚಿತವೆನ್ನಿಸುತ್ತದೆ, ಪರಿಚಯವನ್ನು ನಾವು ನೆನಪು ಎಂದು ತಿಳಿಯುತ್ತೇವೆ. ಅಂದಿನಿಂದ ನಾನು ಪುಸ್ತಕ ಮುಚ್ಚಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಹತ್ತನೆಯ ತರಗತಿಯಲ್ಲಿರುವ ತಮ್ಮನಿಗೂ ಅದನ್ನೇ ಕಲಿಸಿದ್ದೇನೆ. ಅಪ್ಪನ ಪ್ರಶ್ನೆಗೆ ಮೊದಲ ಉತ್ತರ ಇದು.

ನಾವು ಅದೇ ಪ್ರಯೋಗವನ್ನು ನಮ್ಮ ತರಗತಿಯಲ್ಲಿ ಮಾಡಿದಾಗ ಅಂಕಿಗಳು ಅಷ್ಟು ಅಚ್ಚುಕಟ್ಟಾಗಿ ಬರಲಿಲ್ಲ. ಮುಚ್ಚಿಟ್ಟು ಬರೆದವರಿಗೂ ಮತ್ತೆ ಓದಿದವರಿಗೂ ವಾರದ ನಂತರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಾವು ಅದನ್ನು ತಿದ್ದಲು ಹೊರಟೆವು. ಮೇಡಂ ತಡೆದು, ಬಂದದ್ದನ್ನೇ ಬರೆಯಿರಿ, ಏಕೆ ಹೀಗೆ ಬಂದಿರಬಹುದು ಎಂದು ಚರ್ಚೆಯಲ್ಲಿ ಬರೆಯಿರಿ ಎಂದರು. ಇದ್ದವರು ಕೆಲವೇ ಮಂದಿ, ಒಂದು ವಾರದ ನಡುವೆ ಕೆಲವರು ಪರಸ್ಪರ ಮಾತಾಡಿಕೊಂಡಿದ್ದರು, ಗದ್ಯಭಾಗ ಕೆಲವರಿಗೆ ಮೊದಲೇ ಗೊತ್ತಿತ್ತು. ಇಷ್ಟನ್ನು ನಾವೇ ಯೋಚಿಸಿ ಬರೆದೆವು. ಪ್ರಾಯೋಗಿಕ ಪರೀಕ್ಷೆಯ ದಿನ ಬಂದ ಪರೀಕ್ಷಕರು ನನ್ನ ಪುಟ ನೋಡಿ, ಫಲಿತಾಂಶ ತಪ್ಪಾಗಿದೆ ಎಂದು ಅಂಕ ಕಳೆದರು. ನಕಲು ಮಾಡಿದ ಮೊದಲ ಸೆಮಿಸ್ಟರಿನ ರೆಕಾರ್ಡಿಗೆ ಪೂರ್ತಿ ಅಂಕ ಬಂದಿತ್ತು, ನಿಜವಾಗಿ ಮಾಡಿದ ಪ್ರಯೋಗಕ್ಕೆ ಕಡಿಮೆ ಬಂತು. ನಾಲ್ಕು ಅಂಕದ ಮಾತಲ್ಲ ಇದು. ಅಳೆದದ್ದನ್ನು ಅಳೆದಂತೆ ಬರೆದವರಿಗೆ ದಂಡ, ಅಳೆಯದೆ ಬರೆದವರಿಗೆ ಬಹುಮಾನ ಎಂಬ ಪಾಠವನ್ನು ಹದಿನೆಂಟರ ವಯಸ್ಸಿನಲ್ಲಿ ಕಲಿತವರು ಮುಂದೆ ಶಾಲೆಯ ಹಾಜರಿಯನ್ನೋ ಅಂಗನವಾಡಿಯ ಮಕ್ಕಳ ತೂಕವನ್ನೋ ಬರೆಯುವ ಕೆಲಸಕ್ಕೆ ಸೇರಿದಾಗ ಏನು ಮಾಡುತ್ತಾರೆ?

ಹೊರಜಗತ್ತಿನಲ್ಲಿ ಈ ಶಾಸ್ತ್ರವೇ ತನ್ನನ್ನು ಹೇಗೆ ಪ್ರಶ್ನಿಸಿಕೊಂಡಿದೆ ಎಂಬುದನ್ನೂ ಪರಿಚಯದ ಪತ್ರಿಕೆಯಲ್ಲೇ ಹೇಳಬೇಕು. 2015ರಲ್ಲಿ ಅನೇಕ ದೇಶಗಳ ಸಂಶೋಧಕರು ಕೂಡಿ, ಮನಃಶಾಸ್ತ್ರದ ಪ್ರಮುಖ ನಿಯತಕಾಲಿಕಗಳಲ್ಲಿ ಬಂದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲ ಅಧ್ಯಯನಗಳಲ್ಲಿ ಶೇಕಡಾ 97ರಷ್ಟು ಗಣನೀಯ, ಎಂದರೆ ಬರಿಯ ಆಕಸ್ಮಿಕ ಎನ್ನಲಾಗದ, ಫಲಿತಾಂಶ ಹೇಳಿದ್ದವು. ಮತ್ತೆ ಮಾಡಿದಾಗ ಅಂತಹ ಫಲಿತಾಂಶ ಬಂದದ್ದು ಶೇಕಡಾ 36ರಲ್ಲಿ ಮಾತ್ರ. ಅಮೆರಿಕದ ಆರು ಪ್ರಮುಖ ನಿಯತಕಾಲಿಕಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದ ಪ್ರಕಾರ, ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇಕಡಾ 96ರಷ್ಟು ಮಂದಿ ಜಗತ್ತಿನ ಶೇಕಡಾ 12ರಷ್ಟು ಜನರಿರುವ ಪಾಶ್ಚಾತ್ಯ ದೇಶಗಳವರು. ಇದನ್ನು ಓದಿದಾಗ ನನಗೆ ಈ ವಿಷಯದ ಮೇಲಿನ ಗೌರವ ಹೆಚ್ಚಾಯಿತು. ತನ್ನ ತಪ್ಪನ್ನು ತಾನೇ ಎಣಿಸಿ ಪ್ರಕಟಿಸುವ ಧೈರ್ಯ ಎಲ್ಲ ಕಡೆಯೂ ಕಾಣುವುದಿಲ್ಲ. ಜೇವರ್ಗಿಯ ಹುಡುಗಿ ತನ್ನ ತರಗತಿಯಲ್ಲಿ ಅಳೆದ ಅಂಕಿ ಗೈಡಿಗೆ ಹೊಂದದಿದ್ದರೆ ಅದು ಅವಳ ತಪ್ಪೇ ಇರಬೇಕೆಂದಿಲ್ಲ, ಗೈಡಿನಲ್ಲಿರುವ ಅಂಕಿ ಅವಳಂಥವರನ್ನು ಎಂದೂ ಅಳೆದದ್ದಲ್ಲ ಎಂಬುದನ್ನು ಪರೀಕ್ಷಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪತ್ರಿಕೆಗೆ ಬರೆಯುತ್ತಿರುವುದರಿಂದ ಇನ್ನೊಂದು ಪ್ರಯೋಗವನ್ನು ಉಲ್ಲೇಖಿಸುವುದು ಉಚಿತವೆಂದುಕೊಂಡಿದ್ದೇನೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಲನಚಿತ್ರ ತೋರಿಸಿ, 50 ಮಂದಿಗೆ ಕಾರುಗಳು 'ಅಪ್ಪಳಿಸಿದಾಗ' ಎಷ್ಟು ವೇಗದಲ್ಲಿದ್ದವು ಎಂದೂ, ಇನ್ನು 50 ಮಂದಿಗೆ 'ಗುದ್ದಿದಾಗ' ಎಷ್ಟು ವೇಗದಲ್ಲಿದ್ದವು ಎಂದೂ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ಕೇಳಿದಾಗ ಮೊದಲ ಗುಂಪಿನಲ್ಲಿ 16 ಮಂದಿ, ಎರಡನೆಯದರಲ್ಲಿ 7 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಹಳ್ಳಿಯ ಪಂಚಾಯ್ತಿಕಟ್ಟೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ನಮ್ಮ ಮನೆಯ ಜಗಳಗಳಲ್ಲಿ 'ನಾ ಕಣ್ಣಾರೆ ನೋಡೀನಿ' ಎಂಬ ಮಾತಿಗೆ ಎಷ್ಟು ತೂಕವಿದೆಯೆಂದು ತಮಗೆ ಗೊತ್ತು. ನೋಡಿದವರು ಸುಳ್ಳು ಹೇಳದೆಯೂ ತಪ್ಪು ಹೇಳಬಹುದು, ಕೇಳುವವರ ಒಂದು ಪದ ಅವರ ನೆನಪಿನೊಳಗೆ ಸೇರಿಕೊಳ್ಳಬಹುದು ಎಂಬ ತಿಳಿವಳಿಕೆ ಇಂತಹ ಎಷ್ಟೋ ಹಠಗಳನ್ನು ಸಡಿಲಿಸಬಲ್ಲದು.

ಕನ್ನಡದ ಮಾತಿಗೆ ಬರುತ್ತೇನೆ. ಕನ್ನಡ ಮಾಧ್ಯಮದವರಿಗೆ ಈ ಪತ್ರಿಕೆಯಲ್ಲಿ ಸಿಗುವ ಓದು ಬಹುತೇಕ ಪ್ರಶ್ನೋತ್ತರದ ಗೈಡುಗಳದ್ದು, ಅವುಗಳ ಪರಿಭಾಷೆ ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ 'ಪ್ರತ್ಯಕ್ಷಾನುಭವ' ಎಂದಿರುವುದು ಇನ್ನೊಂದರಲ್ಲಿ 'ಗ್ರಹಿಕೆ'. 'ಸಂವೇದನೆ' ಎಂದರೆ ಪಠ್ಯದಲ್ಲಿ ಕಣ್ಣು, ಕಿವಿ, ಚರ್ಮಕ್ಕೆ ಬಂದು ಮುಟ್ಟುವ ಬರಿಯ ಅನುಭವ. ದಿನದ ಕನ್ನಡದಲ್ಲಿ ಅದು ಮರುಕಕ್ಕೆ ಹತ್ತಿರವಾದ ಪದ. ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು 'ಋಣಾತ್ಮಕ ಪುನರ್ಬಲನ'ದಲ್ಲಿ. ಋಣ ಎಂದ ಕೂಡಲೇ ಶಿಕ್ಷೆ ಎಂದುಕೊಂಡು ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪರೀಕ್ಷೆಯಲ್ಲಿ ಹಾಗೆಯೇ ಬರೆದರು. ಅದು ಶಿಕ್ಷೆಯಲ್ಲ. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಮನೆಗೆ ಬಂದವರು ಕೂಲರ್ ಹಾಕುತ್ತಾರೆ, ಧಗೆ ಕಡಿಮೆಯಾಗುತ್ತದೆ, ಮರುದಿನ ಬಂದ ಕೂಡಲೇ ಕೈ ತಾನಾಗಿ ಅದೇ ಗುಂಡಿಗೆ ಹೋಗುತ್ತದೆ. ಬೇಡವಾದದ್ದು ತೊಲಗಿದ್ದರಿಂದ ನಡತೆ ಗಟ್ಟಿಯಾಯಿತು, ಇದೇ ಋಣಾತ್ಮಕ ಪುನರ್ಬಲನ. ಈ ಒಂದು ಉದಾಹರಣೆ ಹೇಳಿದ ಮೇಲೆ ತರಗತಿಯಲ್ಲಿ ಯಾರೂ ಮತ್ತೆ ತಪ್ಪಲಿಲ್ಲ. ಗೈಡಿನಲ್ಲಿದ್ದದ್ದು ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ ಅವರ ಪೆಟ್ಟಿಗೆಯಲ್ಲಿ ಸನ್ನೆ ಒತ್ತಲು ಕಲಿಯುವ ಇಲಿ. ಇಲಿಯೂ ಬೇಕು, ಆದರೆ ಕೂಲರ್ ಇಲ್ಲದೆ ಇಲಿ ಅರ್ಥವಾಗಲಿಲ್ಲ.

ಕೊನೆಯ ಘಟಕದಲ್ಲಿ ಬರುವ ಮಾನಸಿಕ ಕಾಯಿಲೆಗಳ ಪರಿಚಯದ ಬಗ್ಗೆ ಎಚ್ಚರದಿಂದ ಬರೆಯಬೇಕು. ಒಂದು ವರ್ಷದ ಪತ್ರಿಕೆ ಓದಿದವರು ವೈದ್ಯರೂ ಅಲ್ಲ, ಆಪ್ತಸಮಾಲೋಚಕರೂ ಅಲ್ಲ. ಆ ಘಟಕ ಮುಗಿದ ವಾರ ನಾವೆಲ್ಲ ಒಬ್ಬರಿಗೊಬ್ಬರು ಖಿನ್ನತೆ, ಗೀಳು ಎಂದು ಹೆಸರಿಡತೊಡಗಿದಾಗ ಮೇಡಂ ಬಹಳ ಬೇಸರಪಟ್ಟುಕೊಂಡರು, ಅದು ಸರಿಯಾಗಿಯೇ ಇತ್ತು. ಆದರೆ ಆ ಘಟಕ ನಮ್ಮ ಮನೆಗೆ ಮಾಡಿದ ಉಪಕಾರವನ್ನು ನಾನು ಮರೆಯಲಾರೆ. ನನ್ನ ಕಾಕಿ ಹೆರಿಗೆಯಾದ ಮೇಲೆ ನಿದ್ದೆ ಬಿಟ್ಟು, ಮಗುವನ್ನು ಎತ್ತಿಕೊಳ್ಳಲು ಹೆದರಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಗಾಳಿ ಸೋಕಿದೆ ಎಂದು ಮೂರು ತಿಂಗಳು ತಾಯತ, ಅಂತ್ರ, ಹರಕೆ ನಡೆದವು. ನನಗೆ ಕಾಯಿಲೆಯ ಹೆಸರು ಹೇಳುವ ಯೋಗ್ಯತೆ ಇರಲಿಲ್ಲ. ಹೆರಿಗೆಯ ನಂತರ ಮನಸ್ಸಿಗೆ ಬರುವ ಕಾಯಿಲೆಗಳೂ ಇವೆ, ಅವಕ್ಕೆ ಔಷಧವಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ ಎಂಬಷ್ಟೇ ಗೊತ್ತಿತ್ತು. ಅಷ್ಟನ್ನೇ ಅಪ್ಪನಿಗೂ ಕಾಕಾನಿಗೂ ಹೇಳಿದೆ. ಕಾಕಿ ಈಗ ಚೆನ್ನಾಗಿದ್ದಾರೆ, ಮಗು ಓಡಾಡುತ್ತಿದೆ. ಅವರ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ. 2015–16ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಯಿರುವವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶಕ್ಕೆ ಬಂದಾಗ ಅದಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮದೇ ಭಾಗದ ಬಳ್ಳಾರಿಯಲ್ಲಿ ನಡೆದ ಪ್ರಯತ್ನ. 2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಮಾತಾಡಬಹುದು. ಈ ಸಂಖ್ಯೆ ನಮ್ಮ ರೆಕಾರ್ಡ್ ಪುಸ್ತಕದ ರಕ್ಷಾಪುಟದ ಮೇಲೆ ಅಚ್ಚಾದರೂ ಎಷ್ಟೋ ಮನೆಗಳಿಗೆ ತಲುಪೀತು.

ನನ್ನ ಕೋರಿಕೆಗಳು ದೊಡ್ಡವಲ್ಲ. ಮೊದಲ ವರ್ಷದ ಪ್ರಯೋಗಗಳಲ್ಲಿ ಕಾಗದ, ಸ್ಕೆಚ್ ಪೆನ್ನು, ಮೊಬೈಲ್ ಗಡಿಯಾರದಿಂದ ಆಗುವಂಥವನ್ನು ಮುಂದಿಟ್ಟು, ಅವುಗಳ ಕನ್ನಡ ಸೂಚನೆಗಳನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದವರು ಸಿದ್ಧಪಡಿಸಿ ಎಲ್ಲ ಕಾಲೇಜುಗಳಿಗೂ ಕಳುಹಿಸಿಕೊಡಲಿ. ಅದರಲ್ಲಿ ಒಂದೇ ಪರಿಭಾಷೆ ಇರಲಿ, ನಮ್ಮ ನೆಲದ ಉದಾಹರಣೆಗಳಿರಲಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಮನಃಶಾಸ್ತ್ರ ವಿಭಾಗವಿದೆ. ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನ ಪದವಿ ಕಾಲೇಜುಗಳಿಗೆ ಬಂದು ಪ್ರಯೋಗ ನಡೆಸಿಕೊಟ್ಟರೆ ಅವರಿಗೂ ಅನುಭವ, ನಮಗೂ ಕಲಿಕೆ. ಪ್ರಯೋಗದ ಅವಧಿಯನ್ನು ಬೆಳಿಗ್ಗೆಗೆ ಬದಲಿಸಲು ಯಾವ ಆದೇಶವೂ ಬೇಕಿಲ್ಲ, ಪ್ರಾಂಶುಪಾಲರು ಮನಸ್ಸು ಮಾಡಿದರೆ ಸಾಕು. ಅತಿಥಿ ಉಪನ್ಯಾಸಕರ ನೇಮಕ ಸೆಮಿಸ್ಟರಿನ ಮೊದಲ ದಿನಕ್ಕೇ ಆಗಬೇಕು ಎಂಬುದು ಈ ಒಂದು ವಿಷಯಕ್ಕೆ ಸೀಮಿತವಾದ ಮಾತಲ್ಲವಾದ್ದರಿಂದ ಹೆಚ್ಚು ಬೆಳೆಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಯೋಗಿಕ ಪರೀಕ್ಷೆಯ ಅಂಕ ನೀಡುವಾಗ ಫಲಿತಾಂಶ ಗೈಡಿಗೆ ಹೊಂದಿತೇ ಎಂದು ನೋಡುವ ಬದಲು, ಪರೀಕ್ಷಕರು ಸ್ಥಳದಲ್ಲೇ ಒಂದು ಪ್ರಯೋಗ ಮಾಡಿಸಿ, ಬಂದದ್ದನ್ನು ಬರೆದಿದ್ದಾರೆಯೇ, ಅದಕ್ಕೆ ಕಾರಣ ಯೋಚಿಸಿದ್ದಾರೆಯೇ ಎಂದು ನೋಡಲಿ. ಹಾಗಾದರೆ ನಕಲು ತಾನಾಗಿಯೇ ನಿಲ್ಲುತ್ತದೆ, ಏಕೆಂದರೆ ಅದರಿಂದ ಯಾವ ಲಾಭವೂ ಇರುವುದಿಲ್ಲ.

ನಾನು ಸೇರಿದ ವರ್ಷ ವಾಣಿಜ್ಯ ವಿಭಾಗದ ಕೆಲವರು ಓಪನ್ ಎಲೆಕ್ಟಿವ್ (ಬೇರೆ ವಿಭಾಗದವರೂ ಆಯ್ದುಕೊಳ್ಳಬಹುದಾದ ವಿಷಯ) ಎಂದು ಈ ವಿಷಯದ ಪರಿಚಯದ ತರಗತಿಗೆ ಬರುತ್ತಿದ್ದರು. 2024ರಲ್ಲಿ ಪದವಿಯ ಚೌಕಟ್ಟು ಮತ್ತೆ ಬದಲಾಯಿತು. ಪಠ್ಯಕ್ರಮ ಹೇಗೇ ಇರಲಿ, ಬಿ.ಕಾಂ., ಬಿ.ಎಸ್ಸಿ. ಓದುವವರಿಗೂ ಒಂದು ಸೆಮಿಸ್ಟರಿನ ಮಟ್ಟಿಗೆ ಈ ಬಾಗಿಲು ತೆರೆದಿರಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಹೋದ ವಾರ ನಮ್ಮ ಓಣಿಯ ಒಬ್ಬ ಹುಡುಗಿ ಬಿ.ಎ.ಗೆ ಹೆಸರು ಹಚ್ಚಿ ಬಂದು, 'ಅಕ್ಕಾ, ನಿನ್ನ ರೆಕಾರ್ಡ್ ಕೊಡು' ಎಂದು ಕೇಳಿದಳು. ಅವಳಿಗೆ ನನ್ನ ಲಗ್ನಪತ್ರಿಕೆಯ ಜಾರುವ ಪಟ್ಟಿಯನ್ನೂ, ಉರ್ದು ಮತ್ತು ಕನ್ನಡದ ಬಣ್ಣದ ಹಾಳೆಗಳನ್ನೂ ಕೊಟ್ಟೆ. ರೆಕಾರ್ಡ್ ಪುಸ್ತಕವನ್ನು ಅವಳು ತನ್ನ ಅಂಕಿ ಬರೆದ ಮೇಲೆ ಕೊಡುತ್ತೇನೆ ಎಂದಿದ್ದೇನೆ.

ತಮ್ಮ ವಿಶ್ವಾಸಿ,
ಈ ವರ್ಷ ಬಿ.ಎ. ಮುಗಿಸಿದ ವಿದ್ಯಾರ್ಥಿನಿ,
ಶಹಾಬಾದ್, ಕಲಬುರಗಿ ಜಿಲ್ಲೆ